ಸೋರಿಕೆ ಹಿಡಿಯುವ ಮೂಗು
ನಮ್ಮ ಬೀದಿಯಲ್ಲಿ ಬೈಕ್ ರಿಪೇರಿ ಮಾಡುವ ಮೂಗಣ್ಣನಿಗೆ ಮೂಗು ಮೊದಲು, ಸ್ಪ್ಯಾನರ್ ಆಮೇಲೆ. ಕಾರ್ಬುರೇಟರಿನಿಂದ ಪೆಟ್ರೋಲ್ ಸೋರುತ್ತಿದೆ ಎಂದರೆ ಸಾಕು, ಮಗುವಿನ ನೆತ್ತಿ ಮೂಸುವಂತೆ ಬಗ್ಗಿ, ಕಣ್ಣು ಮುಚ್ಚಿ ಉಸಿರೆಳೆಯುತ್ತಾನೆ. "ಒಳಗಿನ ನೀಡಲ್ ಸವೆದಿದೆ. ಪ್ಯಾಕಿಂಗ್ ಹೋಗಿದ್ರೆ ವಾಸನೆನೇ ಬೇರೆ ಕಣಪ್ಪ!" ಬಿಚ್ಚಿದರೆ ನೀಡಲ್ ಸವೆದೇ ಇರುತ್ತದೆ, ಇಲ್ಲದಿದ್ದರೆ ತಪ್ಪು ಬೈಕಿನದು. "ನಾಯಿಗಳು ನನ್ನ ಹತ್ರ ಪಾಠಕ್ಕೆ ಬರ್ಬೇಕು" ಎಂಬುದು ಅವನ ಬಡಾಯಿ. ನೆಗಡಿ ಬಂತೆಂದು ಯಾರೂ ಮೂಗು ಕೊಯ್ದುಕೊಳ್ಳುವುದಿಲ್ಲ ನಿಜ, ಆದರೆ ಹೋದ ಚಳಿಗಾಲದ ನೆಗಡಿ ಇವನ ವಾಸನೆಯ ಶಕ್ತಿಯನ್ನೇ ಕೊಯ್ದುಕೊಂಡು ಹೋಯಿತು. ಅಂಗಡಿಯ ಹಿಂದಿನ ಅವನ ಮನೆಯಲ್ಲೇ ಹಾಲು ಸೀದು ಬೀದಿಯೆಲ್ಲ ಕೆಮ್ಮಿದ ದಿನವೂ ಅವನು ಕಾರ್ಬುರೇಟರ್ ಮೂಸುತ್ತ ಕೂತಿದ್ದ. ಹೆಂಡತಿಗೆ ಅಂದೇ ಗೊತ್ತಾಯಿತು, ನಮಗೂ. ಸೋರಿಕೆ ಉಳಿದು ಬಿಸಿ ಎಂಜಿನ್ ಹೊತ್ತಿಕೊಂಡರೆ ಸವಾರನ ಗತಿ? ಹಾಗಾಗಿ ಈಗ ರಿಪೇರಿ ಮುಗಿದೊಡನೆ "ಲೇ, ನೀರು ತಾರೇ" ಎಂದು ಕೂಗುತ್ತಾನೆ. ಅವಳು ಲೋಟ ಹಿಡಿದು ಬೈಕಿನ ಪಕ್ಕ ನಿಲ್ಲುತ್ತಾಳೆ. ಅವಳು ಮೂಗು ಉಜ್ಜಿಕೊಂಡರೆ ಅವನು ಮತ್ತೆ ಬಿಚ್ಚುತ್ತಾನೆ. ಸುಮ್ಮನೆ ಲೋಟ ಕೊಟ್ಟರೆ ಗತ್ತಿನಿಂದ ಒಮ್ಮೆ ಮೂಸಿ, "ತಗೊಂಡು ಹೋಗಪ್ಪ, ಒಂದು ತೊಟ್ಟೂ ಸೋರ್ತಿಲ್ಲ" ಎನ್ನುತ್ತಾನೆ. "ಮೂಗು ಅಂದ್ರೆ ನಿಂದೇ ಕಣಣ್ಣ!" ಎಂದು ನಾವು ಹೊಗಳುತ್ತೇವೆ, ಅತ್ತಿಗೆ ನೀರು ತರುವ ತನಕ ಮಾತ್ರ ಯಾರೂ ಕಿಕ್ ಹೊಡೆಯುವುದಿಲ್ಲ.