ದೊಡ್ಡಮ್ಮನ ಸೀರೆ ಉಟ್ಟು ಹಾಲು ಕರೆದವನು

೧೯೪೩ರ ಬೇಸಿಗೆ. ಬಿ.ಎ. ಮುಗಿಸಿ ವರ್ಷವಾದರೂ ನನಗೆ ಕೆಲಸ ಸಿಕ್ಕಿರಲಿಲ್ಲ. ದೊಡ್ಡಪ್ಪನ ಮಗ ಸಿದ್ದ ಇಂಟರ್‌ಮೀಡಿಯಟ್ ಫೇಲಾಗಿ, ಬೆಂಗಳೂರಿನಲ್ಲಿ ಹೈನುಗಾರಿಕೆ ಕಲಿತು ನಮ್ಮೂರು ಕೊತ್ತತ್ತಿಗೆ ಮರಳಿದ್ದ. ಯುದ್ಧದ ಸಿಪಾಯಿಗಳಿಗೆ ಹಾಲು, ಬೆಣ್ಣೆ ಬೇಕಾಗಿದ್ದ ಕಾಲ.

"ಇವತ್ತು ಮೇಲ್ವಿಚಾರಕ, ನಾಳೀಕೆ ಇನ್ಸ್‌ಪೆಕ್ಟ್ರು, ಆಮೇಕೆ ನಂದೇ ಡೈರಿ ಕಣ್ಲಾ," ಎಂದು ಜಗಲಿಯ ಮೇಲೆ ಕೂತು ಹೇಳುತ್ತಿದ್ದ. ಅಪ್ಪ ನನ್ನ ಮುಖ ನೋಡುತ್ತಿದ್ದರು. ಉಂಡ ಅನ್ನ ಹೊಟ್ಟೆಯಲ್ಲಿ ಉರಿಯುತ್ತಿತ್ತು.

ಮಂಡ್ಯದಲ್ಲಿ ಶುರುವಾಗಲಿದ್ದ ಹಾಲಿನ ಡಿಪೋಗೆ ಒಬ್ಬ ಮೇಲ್ವಿಚಾರಕ ಬೇಕಿತ್ತು. ಇಬ್ಬರೂ ಅರ್ಜಿ ಹಾಕಿದೆವು. ಆಳನ್ನು ಆರಿಸಲು ಡಿಪೋದ ಸಾಹೇಬರು ಊರಿಗೇ ಬಂದರು. ನಾಲೆಯ ಪಕ್ಕ ಕಟ್ಟಿದ್ದ ದೊಡ್ಡಪ್ಪನ ಎಮ್ಮೆಯನ್ನು ತೋರಿಸಿ, "ಎಲ್ಲಿ, ಕರೆಯಿರಿ ನೋಡೋಣ," ಎಂದರು.

ಮೊದಲು ನಾನು ಕೂತೆ. ಒಂದೇ ಒದೆಗೆ ತಂಬಿಗೆ ಉರುಳಿತು. ಆ ಎಮ್ಮೆಗೆ ದೊಡ್ಡಮ್ಮನ ಕೈ ಬಿಟ್ಟರೆ ಬೇರೆ ಕೈ ಗೊತ್ತಿಲ್ಲ. ಅವರು ನಿಡಘಟ್ಟಕ್ಕೆ, ತವರಿಗೆ ಹೋಗಿದ್ದರು.

ಸಿದ್ದ ಮನೆಗೆ ಓಡಿ, ದೊಡ್ಡಮ್ಮನ ಸೀರೆ ಸುತ್ತಿಕೊಂಡು, ಸೆರಗು ತಲೆಗೆ ಹೊದ್ದು, ಕತ್ತಿನ ಹತ್ತಿರ ಗಂಟು ಹಾಕಿಕೊಂಡು ಬಂದ. ಹೆಂಗಸರು ಊರಲ್ಲಿಲ್ಲದಾಗ ನಮ್ಮ ಕಡೆ ಗಂಡಸರು ಹೀಗೆ ಎಮ್ಮೆಯನ್ನು ಒಲಿಸುವುದುಂಟು. ಆದರೆ ಸಾಹೇಬರ ಮುಂದೆಯೇ?

"ಯಾವೂರ ಸೊಸೆನವ್ವಾ ನೀನು?" ನೆರೆದ ಜನರಲ್ಲಿ ಯಾರೋ ಕೂಗಿದರು.

"ನಗ್ರಿ, ನಗ್ರಿ. ಎಮ್ಮೆ ನಗಾಕಿಲ್ಲ, ಬುಡಿ," ಎಂದ ಸಿದ್ದ.

ತಂಬಿಗೆಯಲ್ಲಿ ನೊರೆ ಏರಿತು. ಸಾಹೇಬರು ತಲೆದೂಗಿದರು. ನಾನು ಆ ನೊರೆಯನ್ನೇ ಹೊಟ್ಟೆಕಿಚ್ಚಿನಿಂದ ನೋಡುತ್ತಿದ್ದೆ. ಅಷ್ಟರಲ್ಲಿ ಬಿಸಿಲೆಂದು ಸಾಹೇಬರು ಫಟ್ಟನೆ ಕೊಡೆ ಬಿಚ್ಚಿದರು.

ಎಮ್ಮೆ ಬೆದರಿ ಗೂಟ ಕಿತ್ತಿತು. ಹಗ್ಗ ಹಿಡಿಯಲು ಹೋದ ಸಿದ್ದನ ಸೆರಗು ಕೊಂಬಿಗೆ ಸಿಕ್ಕಿತು. ಅವನನ್ನು ಎಳೆದುಕೊಂಡೇ ಎಮ್ಮೆ ನಾಲೆಗೆ ಇಳಿದು, ದಿನವೂ ಕೂರುವಂತೆ ನೀರಲ್ಲಿ ಕೂತುಬಿಟ್ಟಿತು. ಕತ್ತಿನ ಗಂಟು ಬಿಗಿದು ಸಿದ್ದ ಮುಳುಗಿದ.

ನಾನು ಹಾರಿದೆ. ಒದ್ದೆ ಗಂಟು ಬಿಚ್ಚಲೊಲ್ಲದು. ಉಗುರು ಕಿತ್ತುಬಂತು. ಕೊನೆಗೆ ಉಸಿರು ಬಿಗಿಹಿಡಿದು ಮುಳುಗಿ, ಹಲ್ಲಿನಿಂದ ಕಚ್ಚಿ ಎಳೆದೆ. ನನ್ನ ರಟ್ಟೆ ಹಿಡಿದಿದ್ದ ಅವನ ಕೈ ಸಡಿಲವಾಗುತ್ತಿತ್ತು. ಗಂಟು ಬಿಚ್ಚಿತು.

ದಡದಲ್ಲಿ ನೀರು ಕಕ್ಕಿದವನು ಮೊದಲು ಕೇಳಿದ್ದು, "ಲೇ, ಆಲು ಚೆಲ್ಲೋಯ್ತಾ?"

ಸಾಹೇಬರು ಅಲ್ಲೇ ಅವನಿಗೆ ಹೇಳಿದರು: "ಕೆಲಸ ನಿನ್ನದಪ್ಪ."

ನಾನು ಪಕ್ಕದಲ್ಲೇ ಒದ್ದೆ ಬಟ್ಟೆಯಲ್ಲಿ ನಿಂತಿದ್ದೆ. ನನ್ನ ಕಡೆ ಯಾರೂ ತಿರುಗಲಿಲ್ಲ.

ಇಂದಿಗೂ ಹೆಂಡತಿ ಒದ್ದೆ ಸೀರೆ ಹಿಂಡುವುದನ್ನು ಕಂಡರೆ ನನ್ನ ಬೆರಳು ತಣ್ಣಗಾಗುತ್ತವೆ. ಆ ಗಂಟು ಬಿಚ್ಚದೇ ಹೋಗಿದ್ದರೆ? ಸಿದ್ದ ಈಗ ಸ್ವಂತ ಡೈರಿ ಇಟ್ಟಿದ್ದಾನೆ. ದಿನಾ ಬೆಳಗ್ಗೆ ನಮ್ಮ ಮನೆಗೆ ಒಂದು ತಂಬಿಗೆ ಹಾಲು ಕಳಿಸುತ್ತಾನೆ. ಬದುಕಿದ್ದಾನಲ್ಲ, ಅಷ್ಟು ಸಾಕು ಅಂದುಕೊಂಡೇ ಕುಡಿಯುತ್ತೇನೆ. ಗಂಟಲಿಳಿಯುವಾಗ ಮಾತ್ರ ಈಗಲೂ ಸ್ವಲ್ಪ ಉರಿಯುತ್ತದೆ.