ವಾರಸುದಾರರಿಲ್ಲದ ಸಿಹಿಬಾವಿ

ಧಾರೇಶ್ವರದಲ್ಲಿ ನಮ್ಮ ಓಣಿಗೆ ಬೇಸಿಗೆಯಲ್ಲೂ ಸಿಹಿನೀರು ಕೊಡುವುದು ಒಂದೇ ಬಾವಿ. ಅದು ಒಬ್ಬರೇ ಇದ್ದ ಹೊಲಿಗೆ ಟೀಚರದು. ಅವರಿಗೆ ಮದುವೆಯಾಗಿರಲಿಲ್ಲ, ಒಡಹುಟ್ಟಿದವರೂ ಇಲ್ಲ. ಯಾರು ಬೇಕಾದರೂ ಸೇದಬಹುದು, ಆದರೆ ಕೊಡ ಇಳಿಸಿಯೇ ಸೇದಬೇಕು ಎನ್ನುವುದು ಅವರ ಕಟ್ಟಳೆ. ಪಂಪು ಹಚ್ಚಿ ಒಮ್ಮೆಲೇ ಎಳೆದರೆ ಅಡಿಯಿಂದ ಸಮುದ್ರದ ನೀರು ಒಸರುತ್ತದೆ. ತೀರದ ಎಷ್ಟೋ ಬಾವಿಗಳು ಹೀಗೆಯೇ ಕೆಟ್ಟಿವೆ.

ಕಳೆದ ವರ್ಷ ಚಳಿಗಾಲದಲ್ಲಿ ಟೀಚರು ತೀರಿಕೊಂಡರು. ವಿಲ್ ಬರೆದಿರಲಿಲ್ಲ. ವಾರಸುದಾರರಿಲ್ಲದ ಆಸ್ತಿ ಸರ್ಕಾರಕ್ಕೆ ಎಂಬ ಸುದ್ದಿ ಹರಡಿತು. ಸರ್ಕಾರದವರು ಬರುವ ಮೊದಲು ಸಿಕ್ಕಷ್ಟು ಸಿಗಲಿ ಎಂದು ಎದುರು ಮನೆಯವರು ತೋಟಕ್ಕೆ ಪಂಪು ಇಳಿಸಿದರು. ಕೆಲವೇ ದಿನಗಳಲ್ಲಿ ನಾನು ತೊಳೆದು ಬೋರಲು ಹಾಕಿದ ಸ್ಟೀಲ್ ಲೋಟಗಳ ಅಂಚಿಗೆ ಉಪ್ಪಿನ ಬಿಳಿ ಗೆರೆ ಮೂಡತೊಡಗಿತು.

ಟೀಚರ ಪಕ್ಕದ ಮನೆಯ ಮೀನು ಮಾರುವವಳು ಒಂದು ಬೆಳಿಗ್ಗೆ ಬುಟ್ಟಿ ಕೆಳಗಿಟ್ಟು, ಆ ಪೈಪನ್ನು ಎಳೆದು ಹೊರಗೆ ಹಾಕಿದಳು.

"ಬಾವಿ ನಿನ್ನಪ್ಪಂದಾ?" ಎದುರು ಮನೆಯವರು ಕೂಗಿದರು.

"ನನ್ನಪ್ಪಂದೂ ಅಲ್ಲ, ನಿಮ್ಮಪ್ಪಂದೂ ಅಲ್ಲ. ಅದ್ಕೇ ಹೇಳುದು, ಕೊಡ ತಕಂಡು ಬನ್ನಿ."

ಟೀಚರು ಹಾಸಿಗೆ ಹಿಡಿದಾಗ ಗಂಜಿ ಬೇಯಿಸಿ ಉಣಿಸಿದವಳು ಅವಳೇ. "ಟೀಚರ ಸಾಕುಮಗಳು ಅಂದೇಳಿ ಬರ್ಸು ಮಾರಾಯ್ತಿ, ನಾವೆಲ್ಲ ಸಾಕ್ಷಿ ಹೇಳ್ತ್ರು" ಎಂದು ಓಣಿಯ ಹೆಂಗಸರು ಒತ್ತಾಯಿಸಿದರು.

"ಎಂತ ಮಾತು! ಎರಡು ತುತ್ತು ಗಂಜಿ ಕೊಟ್ಟಿದ್ಕೆ ಮನೆ ತಕಂಬುದಾ?"

ನಾನು ಓದಿದ ಕಾನ್ವೆಂಟಿನ ಸಿಸ್ಟರ್ ಅಲ್ಲಿದ್ದಿದ್ದರೆ, ಒಳ್ಳೆಯ ಮಕ್ಕಳಿಗೆ ಕೊಡುತ್ತಿದ್ದಂತೆ ಅವಳ ಕೈಗೂ ಯೇಸುವಿನದೊಂದು ಹೋಲಿ ಪಿಕ್ಚರ್ ಇಡುತ್ತಿದ್ದರು.

ಆಮೇಲೆ ಅಧಿಕಾರಿಯೊಬ್ಬರು ಬಂದು ಮನೆಗೆ ಬೀಗ ಹಾಕಿಸಿದರು. ಬಾವಿಯನ್ನೂ ಮುಚ್ಚಿಸುವುದಾಗಿ ಹೇಳಿದರು. ಅವಳು ತಲೆಯ ಮೇಲಿನ ಸೆರಗನ್ನು ಸರಿಮಾಡಿಕೊಂಡು ಮುಂದೆ ಬಂದಳು.

"ಮನೆ ನಿಮ್ದು, ಆತು. ಬಾವಿ ಮುಚ್ಬ್ಯಾಡಿ ಸಾಹೇಬ್ರೆ. ದಿನಾ ಸೇದದಿದ್ರೆ ನೀರು ಕೊಳೀತದೆ."

ಒಂದು ಕೊಡ ಸೇದಿ ಲೋಟ ತುಂಬಿ ಕೊಟ್ಟಳು. ಅವರು ಕುಡಿದು ಮುಖ ಹಿಂಡಿದರು. "ಈ ಉಪ್ಪುನೀರಿಗಾ ಇಷ್ಟೆಲ್ಲ?"

"ಮಳೆ ಬಂದು ಹೋಗ್ಲಿ. ಆಮೇಲೆ ಬನ್ನಿ, ನೆಂಟರಿಗೆ ಕೊಟ್ಟಾಂಗೆ ಬೆಲ್ಲ ಕೊಡ್ತೆ, ನೀರು ಕುಡ್ದು ನೋಡಿ."

ಅವರಿಗೆ ನಗು ತಡೆಯಲಾಗಲಿಲ್ಲ. ಸರ್ಕಾರ ಏನಾದರೂ ತೀರ್ಮಾನಿಸುವವರೆಗೆ ಸೇದಿಕೊಳ್ಳಿ, ಪಂಪು ಮಾತ್ರ ಕೂಡದು ಎಂದು ಎಲ್ಲರೆದುರು ಹೇಳಿ ಹೋದರು.

ಮಳೆಗಾಲ ಕಳೆದು, ದೀಪಾವಳಿಗೆ ನೀರು ತುಂಬುವ ದಿನ ಬಂತು. ಮೀನು ಮಾರುವವಳು ಬಾವಿಕಟ್ಟೆ ತೊಳೆದು ರಂಗೋಲಿ ಹಾಕಿದ್ದಳು. ಮೊದಲ ಕೊಡ ಮೇಲೆ ಬಂದಾಗ ಬೊಗಸೆಯಲ್ಲಿ ಕುಡಿದು ನೋಡಿದೆವು. ಉಪ್ಪು ಹೋಗಿತ್ತು. ಎದುರು ಮನೆಯಾಕೆ ತಾಮ್ರದ ಕೊಡ ಹಿಡಿದು ದೂರವೇ ನಿಂತಿದ್ದರು.

"ಬನ್ನಿ, ಹಬ್ಬದ ದಿನ ಎಂತಕ್ಕೆ ಅಲ್ಲೇ ನಿಂತ್ರಿ?" ಎಂದು ಕರೆದು, ಹಗ್ಗವನ್ನು ಅವರ ಕೈಗಿತ್ತಳು.