ಲೆಕ್ಕಕ್ಕೆ ಸೇರದ ಬಸಿರು

ಮೂರು ತಿಂಗಳು ನಾನು ದೇವರ ಕೋಣೆಗೆ ಕಾಲಿಡಲಿಲ್ಲ. ರಕ್ತ ಹೋಗುವುದು ನಿಂತಿತೆಂದು ತಲೆಗೆ ಮಿಂದು ಬಂದರೆ ಮರುದಿನ ಮತ್ತೆ ಶುರು. ದೀಪ ಹಚ್ಚುವುದನ್ನು ಅತ್ತೆಯೇ ವಹಿಸಿಕೊಂಡರು. ಗೊಣಗಲಿಲ್ಲ, ಅದೊಂದು ಪುಣ್ಯ.

ನಾನೂ ನಮ್ಮವರೂ ಕೋಟದಿಂದ ಬಸ್ಸು ಹಿಡಿದು ಕುಂದಾಪುರದ ಡಾಕ್ಟರ ಹತ್ತಿರ ಹೋದೆವು. "ಎಷ್ಟು ಸಲ ಬಸುರಿಯಾಗಿದ್ರಿ?" ಎಂದು ಕೇಳಿದರು.

"ಒಂದೇ ಮಗಳ್. ಹೈಸ್ಕೂಲಿಗೆ ಹೋತ್ಲ್" ಎಂದೆ.

ಸ್ಕ್ಯಾನಿನಲ್ಲಿ ಗಡ್ಡೆ ಕಂಡು ಗರ್ಭಕೋಶವನ್ನೇ ತೆಗೆದರು. ಅದರೊಳಗಿದ್ದ ಗಡ್ಡೆಯನ್ನು ಲ್ಯಾಬಿಗೆ ಕಳಿಸಿದರು.

ಕ್ಯಾನ್ಸರ್.

ಯಾವ ಬಗೆಯದೆಂದು ಮಾತ್ರ ತಿಳಿಯಲಿಲ್ಲ. ತಿಳಿಯದೆ ಔಷಧಿ ಶುರು ಮಾಡುವಂತಿಲ್ಲ. ಹತ್ತು ದಿನ ಕಾದೆವು. ನನ್ನ ಮೈಯ ಚೂರೊಂದು ಎಲ್ಲೋ ಗಾಜಿನ ಮೇಲೆ ಕುಳಿತಿದೆ, ನಾನಿಲ್ಲಿ ಗಂಜಿ ಉಣ್ಣುತ್ತಿದ್ದೇನೆ. ನನ್ನಿಂದ ಆಗುವುದು ಏನೂ ಇರಲಿಲ್ಲ.

ಮತ್ತೆ ಡಾಕ್ಟರು ಕರೆಸಿದರು. ಲ್ಯಾಬಿನಲ್ಲಿ ಆ ಚೂರಿಗೆ ಆಂಟಿಬಾಡಿ ಎಂಬುದನ್ನು ಹಾಕಿ ನೋಡಿದ್ದರಂತೆ. ಬಸಿರಿನ ಹಾರ್ಮೋನ್ ಇರುವಲ್ಲಿ ಮಾತ್ರ ಅದು ಹೋಗಿ ಅಂಟಿಕೊಳ್ಳುತ್ತದೆ. ಅಂಟಿದ ಕಡೆ ಕಂದು ಬಣ್ಣ ಬರುತ್ತದೆ. ನನ್ನದು ಕಂದಾಗಿತ್ತು.

"ಇದು ಬಸಿರಿನಿಂದ ಹುಟ್ಟಿದ ಗಡ್ಡೆ. ಹಳೆಯ ಬಸಿರಿನ ಕಣ ಒಳಗೇ ಉಳಿದು ವರ್ಷಗಳ ಮೇಲೆ ಹೀಗೆ ಬೆಳೆಯುವುದುಂಟು. ಮಗಳಾದ ಮೇಲೆ ಏನಾದರೂ ಆಗಿತ್ತಾ ಅಮ್ಮ?"

ಆಗಿತ್ತು. ಮೂರು ವರ್ಷದ ಹಿಂದೆ ಒಂದು ಬಸಿರು ಎರಡೂವರೆ ತಿಂಗಳಿಗೇ ಹೋಗಿತ್ತು. ಹೊಟ್ಟೆ ಕ್ಲೀನ್ ಮಾಡಿಸಿಕೊಂಡು ಸಂಜೆ ಮನೆಗೆ ಬಂದು ಅನ್ನಕ್ಕಿಟ್ಟಿದ್ದೆ. ನಮ್ಮಲ್ಲಿ ಉಳಿದದ್ದನ್ನಷ್ಟೇ ಎಣಿಸುತ್ತಾರೆ. ನಾನೂ ಹಾಗೆಯೇ ಎಣಿಸಿದ್ದೆ.

ಮನೆಯಲ್ಲಿ ನಮ್ಮವರು ವಿಷಯ ಹೇಳಿದಾಗ ಅತ್ತೆ ಕಣ್ಣರಳಿಸಿದರು. "ಗರ್ಭಕೋಶವೇ ತೆಗ್ದಾಯ್ತಲೆ ಮಾಣಿ, ಇನ್ನೆಂತ ಬಸ್ರ್? ನಿಮ್ಮ್ ಡಾಕ್ಟ್ರಿಗೆ ಮಂಡೆ ಸಮ ಇತ್ತಾ?"

"ಹಳಿ ಬಸ್ರ್ ಅಮ್ಮ. ಅವತ್ತ್ ಹೋದದ್ದ್."

ಅತ್ತೆ ನನ್ನ ಪಕ್ಕ ಬಂದು ಕುಳಿತು, "ಹೆಣ್ಣೇ, ಆಗ ನಿನ್ನನ್ನ್ ಒಂದಿನ ಹಾಸ್ಗಿ ಮೇಲ್ ಮನ್ಕಂಬುಕೂ ಬಿಡ್ಲಿಲ್ಲ ನಾನ್" ಎಂದರು.

ಈ ಬಗೆಯದು ಔಷಧಿಗೆ ಬಗ್ಗುವುದೇ ಹೆಚ್ಚು ಎಂದಿದ್ದಾರೆ ಡಾಕ್ಟರು. ಅಷ್ಟು ಉಪಕಾರ. ಕೀಮೋ ನಡೆಯುತ್ತಿದೆ. ಕೂದಲು ಹೋಯಿತು, ನಾಲಿಗೆಗೆ ಉಪ್ಪು ಇನ್ನೂ ತಿಳಿಯುತ್ತದೆ. ವಾರಕ್ಕೊಮ್ಮೆ ಪರೀಕ್ಷೆಗೆ ರಕ್ತ ಕೊಟ್ಟು ಬರುತ್ತೇನೆ. ಅದರಲ್ಲಿ ಅದೇ ಹಾರ್ಮೋನ್ ಇಳಿಯುತ್ತಿದೆ, ಪೂರ್ತಿ ಹೋಗಿಲ್ಲ. ಈಗಲೇ ಏನೂ ಹೇಳಲಾಗದಂತೆ.

ಮಗಳಿಗೊಂದು ಜೊತೆ ಕೊಡು ಎಂದು ವರ್ಷಗಟ್ಟಲೆ ಶಂಕರನಾರಾಯಣನಿಗೆ ಹರಕೆ ಹೊತ್ತವಳು ನಾನು. ಈಗ ಆ ಬಸಿರಿನ ಕಡೆಯ ಕುರುಹೂ ನನ್ನಲ್ಲಿ ಉಳಿಯದಿರಲಿ ಎಂದು ಅವನನ್ನೇ ಬೇಡಬೇಕು. ಹೇಳಲು ಬಾಯಿ ಬರುವುದಿಲ್ಲ. ಕೈ ಮಾತ್ರ ಮುಗಿಯುತ್ತೇನೆ.